ಬೆನ್ನ ಮರೆ

ಸ್ಕೂಟರಿನ ಸೀಟಿನ ಮೇಲೆ ಕೂತಿದ್ದ ಇಬ್ಬನಿಯನ್ನು ಹಳೆಯ ಟವೆಲ್ಲಿನಿಂದ ಒರೆಸುತ್ತಿದ್ದ ಶಿವಕುಮಾರಿಗೆ ಮುಂದಿನ ಸೀಟನ್ನೊಂದೇ ಒರೆಸಿದರೆ ಸಾಕು ಎಂದು ಹೊಳೆಯಿತು. ಹೊಳೆದ ಮೇಲೂ ಹಿಂದಿನದನ್ನು ಒರೆಸಿದಳು. ಮುಂದಿನದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಗಾಡಿ ಅವಳದಲ್ಲ. ಅವಳ ಶಾಲೆಯಲ್ಲೇ ಅತಿಥಿ ಶಿಕ್ಷಕಿಯಾಗಿದ್ದ ಗಂಗಾಳದು. ಸಂಕ್ರಾಂತಿಯ ಮರುದಿನ ಗಂಗಾಳನ್ನು ಶಾಲೆಯಿಂದ ಆಟೋದಲ್ಲಿ ಮಲಗಿಸಿಕೊಂಡು ಹೋದ ಮೇಲೆ ಅದು ಬೇವಿನ ಗಿಡದ ಕೆಳಗೆ ನಿಂತೇ ಇತ್ತು. ಮಳ್ಳಿಯಂತೆ ನಿಂತ ಅದನ್ನು ನೋಡಲಾರದೆ ಮನೆಗೆ ತಂದವಳು ಶಿವಕುಮಾರಿ. ತಂದವಳು ಒಡತಿಗೆ ಮುಟ್ಟಿಸಬೇಕಿತ್ತು. ಮುಟ್ಟಿಸದೆ ವಾರವಿಡೀ ಅದರ ಮೇಲೇ ಸಿಂಧನೂರಿನಿಂದ ಮಸ್ಕಿ ದಾಟಿ ಶಾಲೆಗೆ ಹೋಗಿಬಂದಿದ್ದಳು. ಪೆಟ್ರೋಲನ್ನು ತಾನೇ ಹಾಕಿಸಿದ್ದೇನಲ್ಲ ಎಂದು ಒಂದೆರಡು ಸಲ ಸಮಾಧಾನ ಹೇಳಿಕೊಂಡದ್ದು ಈಗ ನೆನಪಾಗಿ, ಆ ಚಳಿಯಲ್ಲೂ ಅವಳ ಕಿವಿ ಬಿಸಿಯಾದವು.

"ಬಸ್ಸಿಗೆ ಹೋಗಬಾರದೇನು?" ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಗಂಡ ಅಮರಗುಂಡಪ್ಪ ಕೇಳಿದ. "ಹುಲಿಗೇಶಗ ಒಂದು ಫೋನ್ ಹಚ್ಚಿದ್ರ, ಹೆಂಡ್ತಿ ಗಾಡಿ ಅಂವನ ಬಂದು ಒಯ್ತಾನ."

"ನಾನ ಒಯ್ದು ಕೊಟ್ಟು, ಅಕಿನ್ನ ಮಾತಾಡ್ಸಿ, ಬಸ್ಸಿಗೆ ವಾಪಸ್ ಬರ್ತೀನ್ರಿ. ತವರುಮನ್ಯಾಗ ಅದಾಳ ಅಕಿ."

"ಲಿಂಗಸುಗೂರು ತನಕ ನೀನ ಹೊಡೀತೀ?" ಅವನು ನೊರೆ ಉಗುಳಿ ನಕ್ಕ. "ಮೊನ್ನಿ ತನಕ ರೋಡಿನ ಮ್ಯಾಲ ಹೊಡಿಯಾಕ ಹೆದರಿಕಿ ಅಂತಿದ್ದಿ. ಈಗ ಎಲ್ಲಿ ಹೋತದು ಹೆದರಿಕಿ?"

ಅವನು ತಮಾಷೆಗೆ ಕೇಳಿದ್ದು. ಆದರೆ ಶಿವಕುಮಾರಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಆಮೇಲೆ ಗೂಟದಲ್ಲಿದ್ದ ಅವನ ಮಫ್ಲರನ್ನು ತೆಗೆದು ತಲೆಗೆ, ಕಿವಿಗೆ ಸುತ್ತಿಕೊಂಡು, ಸ್ವೆಟರಿನ ಗುಂಡಿಗಳನ್ನು ಗಂಟಲವರೆಗೆ ಹಾಕಿಕೊಂಡು, ಚೀಲವನ್ನು ಹೆಗಲಿಗೇರಿಸಿ ಹೊರಬಿದ್ದಳು.

ಊರು ದಾಟುವವರೆಗೆ ಚಳಿ ಅಷ್ಟೇನೂ ಅನ್ನಿಸಲಿಲ್ಲ. ಅಂಗಡಿಗಳ ಮುಚ್ಚಿದ ಶಟರುಗಳು, ಭತ್ತದ ಮಿಲ್ಲಿನ ಗೋಡೆ, ಕಸಕ್ಕೆ ಬೆಂಕಿ ಹಚ್ಚಿ ಕುಕ್ಕರುಗಾಲಲ್ಲಿ ಕೂತ ಜನ, ಎಲ್ಲ ಸೇರಿ ಗಾಳಿಯನ್ನು ಪಾಲು ಹಂಚಿಕೊಂಡಂತಿತ್ತು. ಕಾಲುವೆಯ ಸೇತುವೆ ಬಂತು ನೋಡಿ, ಅಲ್ಲಿಂದ ಗಾಳಿ ಇಡಿಯಾಗಿ ಅವಳ ಪಾಲಿಗೇ ಬಂತು. ಎರಡನೇ ಬೆಳೆಗೆ ನೀರು ಬಿಟ್ಟ ಗದ್ದೆಗಳ ಮೇಲೆ ಮಂಜು ಮೊಣಕಾಲುದ್ದ ನಿಂತಿತ್ತು. ಆ ನೀರಿನ ಮೇಲಿಂದ ಬಂದದ್ದು ಸ್ವೆಟರಿನ ನೇಯ್ಗೆಯ ಒಂದೊಂದು ಕಣ್ಣನ್ನೂ ಹುಡುಕಿ ಹುಡುಕಿ ಒಳಹೊಕ್ಕಿತು. ಮೊದಲು ಬೆರಳ ತುದಿ, ಆಮೇಲೆ ಮೊಣಕಾಲ ಚಿಪ್ಪು, ಆಮೇಲೆ ಎದೆ. ಎದೆಯಿಂದ ಇಳಿದು ಹೊಟ್ಟೆ. ಹೊಟ್ಟೆಗೆ ಗಾಳಿ ಹೀಗೆ ಬಡಿಯುತ್ತದೆ ಎಂದು ಈ ವಾರಕ್ಕೆ ಮೊದಲು ತನಗೆ ಗೊತ್ತಿರಲಿಲ್ಲ ಎಂದು ಯಾರ ಮುಂದಾದರೂ ಹೇಳಬಹುದಿತ್ತು. ಹಿಂದೆ ಕೂತವಳಿಗೆ ಹೇಗೆ ಗೊತ್ತಾಗಬೇಕು? ಆದರೆ ಗಂಗಾ ಗಾಡಿ ನಿಲ್ಲಿಸಿ ಇಳಿದಾಗಲೆಲ್ಲ ಅವಳ ಕಣ್ಣಿನಿಂದ ಕಿವಿಯವರೆಗೆ ನೀರು ಹರಿದು ಒಣಗಿದ ಗೆರೆ ಇರುತ್ತಿತ್ತು. ಬ್ರೇಕಿನ ಮೇಲೆ ಬಾಗಿದ ಬೆರಳು ನೆಟ್ಟಗಾಗಲು ಹೊತ್ತು ಹಿಡಿಯುತ್ತಿತ್ತು. ಚಾಕ್‌ಪೀಸು ಹಿಡಿಯಲಾಗದೆ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳಿಂದ ಬಾಯಿಪಾಠ ಹೇಳಿಸುತ್ತಿದ್ದಳು. ಎಲ್ಲ ಕಂಡಿತ್ತು. ಕಂಡದ್ದನ್ನು ಒಂದರ ಪಕ್ಕ ಒಂದು ಇಡದೆ ಬಿಟ್ಟಿದ್ದಳು, ಅಷ್ಟೆ.

ಬಸ್ಸು ಸಿಗದ ಒಂದು ಬೆಳಿಗ್ಗೆ, ದೀಪಾವಳಿ ಕಳೆದ ಹೊಸದರಲ್ಲಿ, ಗಂಗಾ ತಾನಾಗಿಯೇ ಗಾಡಿ ನಿಲ್ಲಿಸಿ, "ಬರ್ರಿ ಟೀಚರ್, ಇಬ್ರೂ ಒಂದ ಕಡಿಗೆ ಹೋಗೋರು" ಅಂದಿದ್ದಳು. ಅವತ್ತಿನಿಂದ ದಿನಾ ಹಾಗೇ ಆಯಿತು. ಮೊದಮೊದಲು ಶಿವಕುಮಾರಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಸೀಟಿನ ಹಿಂದಿನ ಕಂಬಿ ಹಿಡಿದು, ಗಂಗಾಳ ಬೆನ್ನಿಗೂ ತನಗೂ ನಡುವೆ ಊಟದ ಚೀಲ ಇಟ್ಟುಕೊಂಡು ಕೂಡುತ್ತಿದ್ದಳು. ಚಳಿ ಶುರುವಾದ ಮೇಲೆ ಒಂದು ದಿನ ಕಾಲುವೆಯ ಸೇತುವೆ ದಾಟಿದ ಕೂಡಲೇ ಗಂಗಾ ಗಾಡಿ ನಿಲ್ಲಿಸಿದಳು. "ಎರಡೂ ಕಡಿಗೆ ಕಾಲ್ ಹಾಕಿ ಕುಂದ್ರಿ ಟೀಚರ್. ಇಲ್ಲಿ ನೋಡೋರು ಕೊಕ್ಕರಿ ಬಿಟ್ರ ಯಾರಿಲ್ಲ. ಹತ್ತಿ ಕುಂತ್ರ ಇಬ್ಬರಿಗೂ ಬೆಚ್ಚಗಾಕ್ಕೈತಿ." ಐವತ್ತಕ್ಕೆ ಬಂದ ಹೆಂಗಸು ಸೀರೆ ಎತ್ತಿ ಗಂಡಸರಂತೆ ಕೂತಳು. ಎಷ್ಟು ನಕ್ಕಿದ್ದರು ಇಬ್ಬರೂ! ಸಂಜೆ ವಾಪಸು ಬರುವಾಗ ಅದೇ ಸೇತುವೆಯ ಹತ್ತಿರ ಇಳಿದು, ಸೀರೆ ಸರಿಮಾಡಿಕೊಂಡು, ಮತ್ತೆ ಒಂದೇ ಪಕ್ಕಕ್ಕೆ ಕೂತು ಊರು ಹೊಗುವುದು.

ಗಂಗಾಳ ಜರ್ಕಿನ್ನು ಹುಲಿಗೇಶನ ಹಳೆಯದು. ಎರಡೂ ಜೇಬಿನ ಅಸ್ತರು ಹರಿದು, ಕೈ ತೂರಿಸಿದರೆ ನೇರವಾಗಿ ಅವಳ ಮೈಗೆ ಹತ್ತಿದ ಬಟ್ಟೆಗೇ ತಗಲುತ್ತಿತ್ತು. ಕೈ ಮರಗಟ್ಟಿದವೆಂದು ಶಿವಕುಮಾರಿ ಮೊದಲ ಸಲ ಆ ಜೇಬುಗಳಲ್ಲಿ ಕೈ ಇಟ್ಟಾಗ ಗಂಗಾ ಮುಂದಿನಿಂದ ಕೂಗಿದ್ದಳು, "ಜೇಬಿನ್ಯಾಗ ಏನೂ ಇಲ್ರಿ ಟೀಚರ್, ಹುಡುಕಬ್ಯಾಡ್ರಿ!" ಹುಡುಕಲಿಲ್ಲ. ಸುಮ್ಮನೆ ಇಟ್ಟುಕೊಂಡಳು. ಕೆನ್ನೆಯನ್ನು ಆ ಬೆನ್ನಿಗೆ ಒತ್ತಿ ಕಣ್ಣು ಮುಚ್ಚಿದರೆ ಇಂಜಿನ್ನಿನ ಸದ್ದು ಗಂಗಾಳ ಬೆನ್ನೆಲುಬಿನ ಒಳಗಿನಿಂದ ಬಂದಂತೆ ಕೇಳುತ್ತಿತ್ತು. ಅವಳು ಹಾಡು ಗುನುಗಿದರೆ ಅದೂ ಬೆನ್ನಿನಿಂದಲೇ ಕೇಳುತ್ತಿತ್ತು. ಮನೆಯಲ್ಲಿ ಮಂಚ ಎರಡಾಗಿ, ಕೌದಿ ಎರಡಾಗಿ ಎಷ್ಟೋ ಕಾಲವಾಗಿತ್ತು. ಜಗಳವೇನಿಲ್ಲ. ಅಮರಗುಂಡಪ್ಪನಿಗೆ ಗೊರಕೆ, ಅವಳಿಗೆ ಸಣ್ಣ ನಿದ್ದೆ. ಮಗ ವೀರೇಂದ್ರ ಮೀಸೆ ಬಂದ ಮೇಲೆ ಅವ್ವನ ಹತ್ತಿರ ಕೂಡುವುದನ್ನು ಬಿಟ್ಟಿದ್ದ. ಇನ್ನೊಂದು ಮೈಯ ಬಿಸಿ ಎಂದರೆ ಹೇಗಿರುತ್ತದೆ ಎನ್ನುವುದು ಅವಳಿಗೆ ಮರೆತುಹೋಗಿತ್ತು, ಮರೆತದ್ದೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವಾಗಲೇ ಸೇತುವೆಯ ಆಚೆಗಿನ ಆ ರಸ್ತೆ ನೆನಪಾಗುತ್ತಿತ್ತು. ಚಳಿ ಹೆಚ್ಚಾದ ದಿನ ಒಳಗೊಳಗೇ ಖುಷಿಯಾಗುತ್ತಿತ್ತು.

ಎದುರಿಗೆ ಭತ್ತದ ಲಾರಿಯೊಂದು ಗಾಳಿಯ ಗೋಡೆಯನ್ನೇ ಎಳೆದುಕೊಂಡು ಬಂದು ದಾಟಿಹೋಯಿತು. ಗಾಡಿ ಹೊಯ್ದಾಡಿತು. ಅದನ್ನು ಸಂಭಾಳಿಸುವಷ್ಟರಲ್ಲಿ ಕುತ್ತಿಗೆ ಹಿಂದೆ ಸಡಿಲಾಗಿದ್ದ ಮಫ್ಲರು ಬಿಚ್ಚಿ ಹಾರಿಹೋಗಿತ್ತು. ನಿಲ್ಲಿಸಿ ಹಿಂತಿರುಗಿ ನೋಡಿದರೆ ಅದು ಹೊಲಗಾಲುವೆಯ ನೀರಿನಲ್ಲಿ ಉದ್ದಕ್ಕೆ ಮಲಗಿ, ಅವಸರವಿಲ್ಲದೆ ದೂರ ಸಾಗುತ್ತಿತ್ತು. ಅಮರಗುಂಡಪ್ಪ ಏನೂ ಅನ್ನುವುದಿಲ್ಲ, ನಗುತ್ತಾನೆ. ಬರಿಗಿವಿಗೆ ಗಾಳಿ ದಬ್ಬಣದಂತೆ ನಾಟತೊಡಗಿತು. ಸೆರಗು ಹೊದ್ದರೆ ನಿಲ್ಲಲಿಲ್ಲ. ಕಿವಿ ನೋಯುತ್ತ ನೋಯುತ್ತ ಹೋಗಲಿ, ಆಗಬೇಕಾದ್ದೇ ಅದು ಎಂದುಕೊಂಡಳು. ಹಾಗೆ ಅಂದುಕೊಂಡದ್ದರಲ್ಲಿ ಒಂದು ಚೂರು ಸುಖವಿದ್ದದ್ದು ತಿಳಿದು, ಅದಕ್ಕೂ ನಾಚಿದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳ ಕೈಗಳಿಗೆ ಗೊತ್ತಾಯಿತು. ತಲೆಗಿಂತ ಮೊದಲು ಕೈಗಳಿಗೆ. ಗಂಗಾ ಕಡ್ಡಿಯಂಥ ಹೆಣ್ಣು. ಹೊಟ್ಟೆ ಬೆನ್ನಿಗೆ ಹತ್ತಿರುತ್ತಿತ್ತು. ಆ ದಿನ ಅಂಗೈ ಕೆಳಗೆ ಒಂದು ಸಣ್ಣ ಗಟ್ಟಿತನವಿತ್ತು, ಹದವಾಗಿ ನಾದಿಟ್ಟ ಹಿಟ್ಟಿನ ಮುದ್ದೆಯಂಥದು. ನಿನ್ನೆಯೂ ಇತ್ತೇ? ಮೊನ್ನೆ? ಒಂದು ಮಗುವನ್ನು ಹೊತ್ತು ಹೆತ್ತವಳ ಕೈ ಅದನ್ನು ತಪ್ಪು ತಿಳಿಯುವಂತಿರಲಿಲ್ಲ. ಕೆಂಡ ಮುಟ್ಟಿದಂತೆ ಕೈಗಳನ್ನು ಮೇಲೆ, ಪಕ್ಕೆಲುಬಿನ ಹತ್ತಿರಕ್ಕೆ ಸರಿಸಿಬಿಟ್ಟಳು. ಗುನುಗುತ್ತಿದ್ದ ಬೆನ್ನು ಒಂದು ಗಳಿಗೆ ಸುಮ್ಮನಾಯಿತು. ರಸ್ತೆಯಲ್ಲಿ ಗುಂಡಿ ಬಂದಿರಬೇಕು ಎಂದುಕೊಂಡಳು.

ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಗಂಗಾ ಯಾರಿಗೂ ಯಾಕೆ ಹೇಳಿಲ್ಲ ಎನ್ನುವುದು ಶಿವಕುಮಾರಿಗೆ ಕೇಳದೆಯೇ ತಿಳಿಯಿತು. ಅತಿಥಿ ಶಿಕ್ಷಕಿಗೆ ರಜೆಯಿಲ್ಲ. ಬಿಟ್ಟರೆ ಆ ಜಾಗಕ್ಕೆ ಮರುದಿನ ಇನ್ನೊಬ್ಬಳು. ಖಾಯಂ ನೌಕರಿಯ ಹಿರಿಯ ಟೀಚರಾದ ತಾನು ಹೆಡ್‌ಮಾಸ್ತರರ ಹತ್ತಿರ ಒಂದು ಮಾತು ಹೇಳಿದ್ದರೆ ನಡೆಯುತ್ತಿತ್ತು. ಅವರು ಇವಳ ಮಾತು ತೆಗೆದುಹಾಕುವವರಲ್ಲ. ಕೊನೆಗೆ, ಗಾಡಿ ಬಿಡು, ಬಸ್ಸಿಗೆ ಹೋಗೋಣ ಎಂದಾದರೂ ಅನ್ನಬಹುದಿತ್ತು. ಅನ್ನಬೇಕೆಂದೇ ಸಂಕ್ರಾಂತಿಗೆ ಮೊದಲಿನ ಎಳ್ಳು ಅಮಾವಾಸ್ಯೆಗೆ, ಎಳ್ಳಮಾಸಿ ಸಂತೆಯಲ್ಲಿ, ಒಂದು ಹಸಿರು ರವಿಕೆ ಖಣ ಕೊಂಡಳು. ಈ ಕಡೆ ಕಳ್ಳ ಕುಬಸ ಎಂದು ಮಾಡುತ್ತಾರೆ: ಬಸಿರು ಇನ್ನೂ ಬಾಯಿಗೆ ಬರದ ದಿನಗಳಲ್ಲಿ, ಮೊದಲು ತಿಳಿದ ಹೆಂಗಸು ಒಂದು ಹಸಿರು ಖಣವನ್ನು ಯಾರೂ ಕಾಣದಂತೆ ಅವಳ ಉಡಿಯಲ್ಲೋ ಚೀಲದಲ್ಲೋ ಇಟ್ಟು ಬರುವುದು. ಮಾತಾಡುವಂತಿಲ್ಲ. ಖಣವೇ ಮಾತು. ನನಗೆ ಗೊತ್ತಾಗಿದೆ, ಇನ್ನು ನೀನು ಒಬ್ಬಳೇ ಅಲ್ಲ ಎಂದು. ಖಣ ಚೀಲ ಸೇರಿತು. ಕೊಡಬೇಕೆಂದು ದಿನವೂ ಚೀಲದ ಬಾಯಿ ತೆರೆಯುವಳು. ಕೊಟ್ಟರೆ ಗಾಡಿ ನಿಲ್ಲುತ್ತದೆ. ಗಾಡಿ ನಿಂತರೆ ಸೇತುವೆ ಆಚೆಯ ರಸ್ತೆ ನಿಲ್ಲುತ್ತದೆ. ಇಷ್ಟು ಬಿಡಿಸಿ ಅವಳು ಯೋಚಿಸಲಿಲ್ಲ. ನಾಳೆ ಕೊಟ್ಟರಾಯಿತು, ಇವತ್ತು ಚಳಿ ಬಹಳ ಎಂದಷ್ಟೇ ಯೋಚಿಸಿದಳು.

ಮಸ್ಕಿಯ ಬೆಟ್ಟ ಮಂಜಿನಿಂದ ಅರ್ಧ ಹೊರಗೆ ಬಂದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹುಸೇನ್‌ಸಾಬನ ಚಹಾದಂಗಡಿಯ ಮುಂದೆ ಗಾಡಿ ತಾನಾಗಿಯೇ ನಿಂತಿತು ಅನ್ನಿಸಿತು. ದಿನಾ ಇಬ್ಬರೂ ಒಂದು ಚಹಾವನ್ನು ಎರಡು ಮಾಡಿ ಕುಡಿಯುತ್ತಿದ್ದ ಜಾಗ. ಈ ವಾರವಿಡೀ ಅವಳು ಅಂಗಡಿಯ ಕಡೆ ನೋಡದೆ ದಾಟಿಹೋಗಿದ್ದಳು.

"ಏನ್ರೀ ಟೀಚರಮ್ಮ, ಡ್ರೈವರ್ ಬದಲಿ ಆಗ್ಯಾರ?" ಹುಸೇನ್‌ಸಾಬ್ ಸೋಸುವ ಬಟ್ಟೆ ಹಿಂಡುತ್ತ ಕೂಗಿದ. "ವಾರ ಆತು ನೋಡಾಕತ್ತೀನಿ, ಬರ್ರ್ ಅಂತ ಹೊಂಟ ಬಿಡ್ತೀರಿ. ನಮ್ಮ ಚಾಯ್ ಕಹಿ ಆತೇನು?"

"ಹಂಗೇನಿಲ್ರಿ ಸಾಬ್ರ. ಹೊತ್ತಾಗಿತ್ತು."

"ಗಂಗಾಬಾಯಿ ಎಲ್ಲಿ? ಅಕಿ ಇಲ್ಲದ ಅಂಗಡಿ ಬೇಜಾರ್ ಆಗೇತಿ ನೋಡ್ರಿ. ಸಕ್ರಿ ಕಮ್ಮಿ, ಹಾಲು ಕಮ್ಮಿ ಅಂತ ಬಯ್ಯೋರ ಇಲ್ಲ."

"ತವರುಮನ್ಯಾಗ ಅದಾಳ. ಆರಾಮಿಲ್ಲ."

"ಅಲ್ಲಾ! ಏನಾತು?"

"ಥಂಡಿ," ಎಂದಳು ಶಿವಕುಮಾರಿ. ಬಾಯಿಗೆ ಬಂದ ಮೊದಲ ಮಾತು ಅದು.

"ಆಗದ ಇರತೈತೇನ್ರಿ? ಮುಂದ ಕುಂತು ಹೊಡಿಯಾಕಿ. ನೀವ್ ಪುಣ್ಯಾ ಮಾಡೀರಿ, ಹಿಂದ ಬೆಚ್ಚಗ ಕುಂತ್ಕೊಂಡ್ ಬರ್ತಿದ್ರಿ, ಕೂಸು ಕುಂತಂಗ." ಅವನು ನಗುತ್ತಲೇ ಹಳೆಯ ಪೇಪರಿನ ಎರಡು ಹಾಳೆ ಎಳೆದು ಚಾಚಿದ. "ಈಗ ನಿಮ್ಮ ಪಾಳಿ. ತಗೋರಿ, ಸ್ವೆಟರ್ ಒಳಗ ಎದಿಗೆ ಇಟ್ಕೋರಿ. ಮುಂದ ಬಯಲು, ಗಾಳಿ ಜಾಸ್ತಿ ಐತಿ. ಕಿವಿಗೂ ಏನಾರ ಕಟ್ಕೋರಿ, ಕೆಂಪಗ ಟೊಮ್ಯಾಟೋ ಆಗ್ಯಾವು."

ಅಂಗಡಿಯ ಹಿಂದೆ ಹೋಗಿ ಪೇಪರು ಒಳಗಿಟ್ಟುಕೊಂಡಳು. ಕಿವಿಗೆ ಏನಾದರೂ ಸಿಕ್ಕೀತೆಂದು ಚೀಲದಲ್ಲಿ ಕೈಯಾಡಿಸಿದಳು. ಊಟದ ಡಬ್ಬಿ, ಗಂಗಾಳಿಗೆಂದು ತಂದ ಶೇಂಗಾ ಹೋಳಿಗೆ, ಕನ್ನಡಕದ ಪೆಟ್ಟಿಗೆ, ತಳದಲ್ಲಿ ಮೆತ್ತಗೆ ಮಡಿಸಿಟ್ಟ ಖಣ. ಅದು ಇದೆಯೆಂದು ಗೊತ್ತಿದ್ದೇ ಕೈ ಅಲ್ಲಿಗೆ ಹೋಗಿತ್ತು. ತಂದದ್ದು ಯಾಕೆ? ಇವತ್ತು ಅದನ್ನು ತೋರಿಸಿ ಎಲ್ಲ ಹೇಳಿಬಿಡಬೇಕೆಂದೇ, ಅಥವಾ ಚೀಲದಿಂದ ತೆಗೆದಿಡುವ ಧೈರ್ಯವಾಗದೆಯೇ ಎನ್ನುವುದು ಅವಳಿಗೆ ಸ್ಪಷ್ಟವಿರಲಿಲ್ಲ. ಹೊರಗೆ ಬಂದು ಗಾಡಿ ಹೊಡೆದಳು. ಬಸ್‌ಸ್ಟ್ಯಾಂಡು ದಾಟುವಷ್ಟರಲ್ಲಿ ಕಿವಿಯ ನೋವು ಹಲ್ಲಿಗೆ ಇಳಿಯಿತು. ಊರ ಹೊರಗಿನ ಕಲ್ಲುಬಂಡೆಗಳ ಹತ್ತಿರ ನಿಲ್ಲಿಸಿದಳು. ಖಣವನ್ನು ಮೂಲೆಗೆ ಮೂಲೆ ಮಡಿಸಿ, ತಲೆಯ ಮೇಲಿಂದ ಕಿವಿ ಮುಚ್ಚಿ, ಗದ್ದದ ಕೆಳಗೆ ಗಂಟು ಹಾಕಿದಳು. ಹಾರಬಾರದೆಂದು ಇನ್ನೊಂದು ಗಂಟು. ಲಿಂಗಸುಗೂರಿನ ಹೊರಗೇ ಬಿಚ್ಚಿ ಒಳಗಿಟ್ಟರಾಯಿತು, ಯಾರು ನೋಡುತ್ತಾರೆ? ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಂತು. ಕಿವಿ ನಿಧಾನವಾಗಿ ಬೆಚ್ಚಗಾದವು, ಮತ್ತು ಆ ಬಿಸುಪು ಅವಳಿಗೆ ಹಿತವಾಗಿತ್ತು.

ಇಲ್ಲಿಂದ ನೀರಾವರಿ ಇಲ್ಲ. ಕೊಯ್ದ ತೊಗರಿಯ ಕೂಳೆ, ಜೋಳದ ಹೊಲ, ಅಡ್ಡವಿಲ್ಲದ ಬಯಲು. ಎಡಕ್ಕೆ ಶಾಲೆಗೆ ತಿರುಗುವ ದಾರಿ ಬಂತು, ಹೋಯಿತು. ಆ ತಿರುವಿನಲ್ಲೇ ಗಂಗಾ ಒಂದು ಬೆಳಿಗ್ಗೆ ಗಾಡಿ ನಿಲ್ಲಿಸಿದ್ದು, ಎಳ್ಳಮಾಸಿ ಆದ ಮೇಲೆ. ಇಳಿದು ಸೊಂಟಕ್ಕೆ ಕೈಕೊಟ್ಟು ನಿಂತು, ನಗುವಂತೆ ಮಾಡಿ, "ನಾಳಿಂದ ನೀವ್ ಮುಂದ ಕುಂದ್ರಿ ಟೀಚರ್. ನನಗ ಯಾಕೋ ಥಂಡಿ ತಡಕೊಳ್ಳಾಕ ಆಗವಲ್ದು" ಅಂದಿದ್ದಳು. ಶಿವಕುಮಾರಿಗೆ ಗಾಡಿ ಕಲಿಸಿದವಳೇ ಅವಳು. ಶಾಲೆಯ ಮೈದಾನದಲ್ಲಿ, ಮಕ್ಕಳೆಲ್ಲ ಗೋಡೆ ಹತ್ತಿ ಕೂತು ಕೇಕೆ ಹಾಕುವಾಗ, ಹಿಂದೆ ಓಡುತ್ತ, "ಕಣ್ಣ ಮುಚ್ಚಬ್ಯಾಡ್ರಿ ಟೀಚರ್! ಬ್ರೇಕ್! ಬ್ರೇಕ್ ಹಿಡೀರಿ, ನನ್ನಲ್ಲ!" ಎಂದು ಕೂಗಿ ಕಲಿಸಿದ್ದಳು. ಹದಿನೈದು ದಿನಕ್ಕೆ ಚೆನ್ನಾಗಿಯೇ ಕಲಿತಿದ್ದಳು. ಆದರೆ ಆ ತಿರುವಿನಲ್ಲಿ ನಿಂತು ಅವಳು, "ಅಯ್ಯ, ನನಗ ರೋಡಿನ ಮ್ಯಾಲ ಹೆದರಿಕಿವಾ" ಅಂದಳು. ಗಂಗಾ ಅವಳ ಮುಖವನ್ನು ಒಂದಿಷ್ಟು ಹೊತ್ತು ನೋಡಿ, "ಹೌದೇನ್ರಿ? ಆತು ಬಿಡ್ರಿ" ಎಂದು ಮತ್ತೆ ಮುಂದೆ ಕೂತಳು. ಆ ದಿನವೂ ಶಿವಕುಮಾರಿ ಜೇಬುಗಳಲ್ಲಿ ಕೈ ಇಟ್ಟುಕೊಂಡಳು, ಪಕ್ಕೆಲುಬಿನ ಹತ್ತಿರ. ಕೆನ್ನೆಯನ್ನೂ ಬೆನ್ನಿಗೆ ಒತ್ತಿದಳು. ಇನ್ನೂ ಬಿಗಿಯಾಗಿ ಒತ್ತಿದಳು.

ಸಂಕ್ರಾಂತಿಯ ಮರುದಿನ ಮೂರನೇ ತರಗತಿಯ ಹುಡುಗಿಯೊಬ್ಬಳು ಓಡಿಬಂದು, ಗಂಗಾ ಟೀಚರ್ ಬೋರ್ಡಿನ ಕೆಳಗ ಕುಂತ್ಕೊಂಡಾರ ಅಂದಳು. ಆಮೇಲೆ ಆಟೋ, ಮಸ್ಕಿ, ಅಲ್ಲಿಂದ ಲಿಂಗಸುಗೂರು. ಆಸ್ಪತ್ರೆಯ ಡಾಕ್ಟರ್ ಬಾಯಿ ಹೊರಗೆ ಬಂದು, ಈ ತಿಂಗಳುಗಳಲ್ಲಿ ಕೆಲವು ಬಸಿರು ನಿಲ್ಲುವುದಿಲ್ಲ, ಗಾಡಿಯಿಂದ ಅಲ್ಲ, ಚಳಿಯಿಂದ ಅಲ್ಲ, ಯಾರ ತಪ್ಪೂ ಅಲ್ಲ ಎಂದು ಕಾರಿಡಾರಿನಲ್ಲಿ ನಿಂತವರಿಗೆಲ್ಲ ಹೇಳಿದಳು. ಶಿವಕುಮಾರಿಗೆ ಮೈ ಹಗುರಾಯಿತು. ಹಗುರಾದ ಮರುಗಳಿಗೆಯೇ ಅದು ತನಗೆ ಸಲ್ಲಬೇಕಾದ ಮಾತಲ್ಲ ಅನ್ನಿಸಿತು. ಡಾಕ್ಟರ್ ಬಾಯಿಗೆ ತಿಳಿದದ್ದು ಹೊಟ್ಟೆಯ ಒಳಗಿನ ಸಂಗತಿ. ಬೆನ್ನ ಹಿಂದಿನದು ಅವಳಿಗೇನು ಗೊತ್ತು?

ಲಿಂಗಸುಗೂರಿನಲ್ಲಿ ಬಿಸಿಲು ಬಿದ್ದಿತ್ತು. ಗಂಗಾಳ ತವರಿನ ಓಣಿಯ ತುದಿಗೆ, ಪಾಳುಗೋಡೆಯೊಂದರ ಮರೆಗೆ ಗಾಡಿ ನಿಲ್ಲಿಸಿ ಗದ್ದದ ಕೆಳಗೆ ಕೈಯಿಟ್ಟಳು. ಗಂಟು ಸಿಗಲಿಲ್ಲ. ಸಿಕ್ಕಿತು, ಆದರೆ ಬೆರಳುಗಳು ಅವಳವಾಗಿರಲಿಲ್ಲ. ಬ್ರೇಕಿನ ಆಕಾರಕ್ಕೆ ಬಾಗಿ ಹಾಗೇ ಮರಗಟ್ಟಿದ್ದವು. ಉಗುರಿಗೆ ಬಲವಿಲ್ಲ. ಗಾಳಿಗೆ ಎಳೆದೆಳೆದು ಎರಡು ಗಂಟು ಸೇರಿ ಒಂದು ಹುಣಸೆಬೀಜವಾಗಿತ್ತು. ಅಂಗೈ ಬಾಯಿಗಿಟ್ಟು ಊದಿಕೊಂಡಳು. ತಲೆಯ ಮೇಲಿಂದ ಹಾಗೇ ಕಿತ್ತು ತೆಗೆಯಲು ನೋಡಿದಳು. ಗದ್ದಕ್ಕೆ ಕಚ್ಚಿ ಹಿಡಿಯಿತು. ಹೀಗೆ ಕುತ್ತಿಗೆಯ ಜತೆ ಗುದ್ದಾಡುತ್ತಿರುವಾಗಲೇ ಕೊಡ ಹಿಡಿದ ಹೆಂಗಸೊಬ್ಬಳು ಗೋಡೆಯ ಪಕ್ಕದಿಂದ ಬಂದಳು. ಗಂಗಾಳ ತಾಯಿ ಅಮರಮ್ಮ.

"ಅಯ್ಯ ನಮ್ಮವ್ವ, ಟೀಚರಮ್ಮ! ಇಲ್ಯಾಕ ನಿಂತೀರಿ? ಗಂಗಾ, ಏ ಗಂಗಾ, ಯಾರು ಬಂದಾರ ನೋಡಬೇ!" ಅಮರಮ್ಮ ಕೊಡ ಇಳಿಸಿ ಅವಳ ಕೈ ಹಿಡಿದಳು. "ಕೈ ಏನು ಇವು, ಕಲ್ಲಾಗ್ಯಾವಲ್ಲ! ನೀವ ಗಾಡಿ ಹೊಡ್ಕೊಂಡ್ ಬಂದ್ರೇನು, ಅಷ್ಟು ದೂರದಿಂದ? ಭಾಳ ಗಟ್ಟಿ ಅದೀರಿ ಬಿಡ್ರಿ. ನನ್ನ ಮಗಳು ನೋಡ್ರಿ, ದಿನಾ ಎದಿಗೆ ಗಾಳಿ ಹೊಡಸ್ಕೊಂಡು ಹೊಡಸ್ಕೊಂಡು... ಡಾಕ್ಟರ್ ಬಾಯಿ ಅದರಿಂದ ಅಲ್ಲ ಅಂತಾಳ. ಅಕಿ ಏನು ಕುಂತಾಳೇನು ಗಾಡಿ ಮ್ಯಾಲ? ನಡೀರಿ ನಡೀರಿ ಒಳಗ."

ಕೈ ಹಿಡಿದೇ ಎಳೆದುಕೊಂಡು ಹೋದಳು. ಅಂಗಳದ ತಂತಿಯ ಮೇಲೆ ಆ ಜರ್ಕಿನ್ನು ಒಗೆದು ಹಾಕಿತ್ತು. ಒಣಗಲೆಂದು ಜೇಬುಗಳನ್ನು ಹೊರಗೆ ಎಳೆದಿದ್ದರು. ಹರಿದ ಅಸ್ತರು ಎರಡು ನಾಲಿಗೆಯಂತೆ ಜೋತಿತ್ತು. ಕಟ್ಟೆಯ ಬಿಸಿಲಿನಲ್ಲಿ ಕಂಬಳಿ ಹೊದ್ದು ಗಂಗಾ ಕೂತಿದ್ದಳು. ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಿಳಿ ಬಟ್ಟೆ. ಮುಖ ಸಣ್ಣದಾಗಿತ್ತು. ಶಿವಕುಮಾರಿಯನ್ನು ನೋಡಿ, ಅವಳ ತಲೆಯ ಕಟ್ಟನ್ನು ನೋಡಿ, ಪಕಪಕ ನಕ್ಕಳು.

"ನೋಡಬೇ ಯವ್ವಾ, ಇಬ್ರೂ ಬಾಣಂತೇರ ಆಗೀವಿ."

ಶಿವಕುಮಾರಿಯೂ ನಗಲು ನೋಡಿದಳು. ಚಳಿಗೆ ಬಿಗಿದ ತುಟಿ ಸೀಳಿ ಉರಿಯಿತು. ಹೋಳಿಗೆಯ ಡಬ್ಬಿ ಕೊಟ್ಟು, "ಹೆಂಗ ಅದೀ ಗಂಗಾ?" ಎಂದಳು.

"ಅದೀನ್ರಿ. ಬರ್ರಿ ಇಲ್ಲೆ, ಹತ್ರ. ಆ ಗಂಟು ಬಿಚ್ಚಾಕ ಬರವಲ್ದೇನು? ನಾ ಬಿಚ್ತೀನಿ."

"ಇರಲಿ ಬಿಡು."

"ಬರ್ರಿ ಅಂದ್ರ."

ಕಂಬಳಿಯೊಳಗಿನಿಂದ ಬಂದ ಬೆರಳುಗಳು ಗದ್ದದ ಕೆಳಗೆ ತಗಲಿದವು. ಒಲೆಯ ಪಕ್ಕ ಇಟ್ಟ ತಂಬಿಗೆಯಷ್ಟು ಬಿಸಿ. ಶಿವಕುಮಾರಿ ಮಗುವಿನಂತೆ ಮುಖ ಎತ್ತಿ, ಗಂಗಾಳ ಹುಬ್ಬು ಗಂಟಿನ ಮೇಲೆ ಕೂಡಿದ್ದನ್ನು ನೋಡುತ್ತ ಕೂತಳು. ಗಂಟು ಬಿಚ್ಚಿತು. ಗಂಗಾ ಬಟ್ಟೆ ಕೊಡವಿದಳು. ಅಂಗಡಿಯವನು ಮಡಿಸಿದ ಗೆರೆ ಇನ್ನೂ ಹೋಗಿರಲಿಲ್ಲ. ಅಂಚಿಗೆ ಚೀಟಿಯೂ ಇತ್ತು.

"ಅಯ್ಯ, ಹೊಸಾ ಖಣ!" ಅಮರಮ್ಮ ನಕ್ಕಳು. "ಚಂದ ಐತಿ ಹಸರು. ತಲಿಗೆ ಕಟ್ಕೊಂಡು ಹಾಳ ಮಾಡೀರಲ್ರಿ." ಎನ್ನುತ್ತ ಚಹಾಕ್ಕಿಡಲು ಒಳಗೆ ಹೋದಳು.

ಗಂಗಾ ಖಣವನ್ನು ತೊಡೆಯ ಮೇಲೆ ಹಾಸಿ ಅಂಗೈಯಿಂದ ಸವರಿದಳು. ಅಂಗಳದಲ್ಲಿ ಕೋಳಿಯೊಂದು ಕೆದರುತ್ತಿತ್ತು. ತಲೆ ಎತ್ತದೆ ಕೇಳಿದಳು.

"ಯಾವಾಗ ತಗೊಂಡ್ರಿ?"

ಮೊನ್ನೆ ಎಂಬ ಮಾತು ಶಿವಕುಮಾರಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಎಷ್ಟು ಸಣ್ಣ ಮಾತು. ಮೊನ್ನೆ ಎಂದರೆ ಅದು ಕಾಯಿಲೆಯವಳಿಗೆ ತಂದ ಒಂದು ಬಟ್ಟೆ, ಅಥವಾ ತನ್ನದೇ ಒಂದು ಕುಬಸ. ದಾರಿಯಿಡೀ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಈಗ ಹತ್ತಿರ ಬರಲಿಲ್ಲ, ಇದೊಂದೇ ಬಂದಿತ್ತು.

"ಎಳ್ಳಮಾಸಿ ಸಂತ್ಯಾಗ," ಎಂದಳು.

ಗಂಗಾಳ ಅಂಗೈ ಸವರುವುದನ್ನು ನಿಲ್ಲಿಸಲಿಲ್ಲ. "ನನಗ ಗೊತ್ತಾಗಿತ್ತು ಬಿಡ್ರಿ. ಒಂದಿನ ನಿಮ್ಮ ಕೈ ಮ್ಯಾಲ ಸರದ್ವು. ಟೀಚರ್‌ಗ ತಿಳೀತು ಅನ್ಕೊಂಡೆ. ಇವತ್ತು ಇಡ್ತಾರ ಉಡ್ಯಾಗ, ನಾಳಿ ಇಡ್ತಾರ ಅಂತ ದಿನಾ ನನ್ನ ಊಟದ ಚೀಲ ನಿಮ್ಮ ಹತ್ರನ ಬಿಟ್ಟು ಹೋಗ್ತಿದ್ದೆ."

"ಗಂಗಾ..."

"ನೀವ್ ಅಂದಿದ್ರ ನಾ ಗಾಡ್ಯಾಗ ಬರೋದು ಬಿಡ್ತಿದ್ದೆ. ದೊಡ್ಡೋರು ಬಿಡಿಸಿದ್ರು ಅಂತ ಆಕ್ಕಿತ್ತು. ನನ್ನ ಬಾಯಿಲೆ ಹೆಂಗ ಅನ್ಲಿ? ಮುಂದ ಕುಂದ್ರಿ ಅಂದೆ. ನಾ ಅಂದಿದ್ದು ಅಷ್ಟ." ಆಗ ತಲೆ ಎತ್ತಿ ಗಾಡಿ ನಿಂತ ಓಣಿಯ ತುದಿಯ ಕಡೆ ನೋಡಿದಳು. "ಚಲೋ ಹೊಡೀತೀರಲ್ರಿ."

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಕ್ಕಂತಾಗುತ್ತಿತ್ತು. ಮೈದಾನದಲ್ಲಿ ಹಿಂದೆ ಓಡುತ್ತ ಕಲಿಸಿದವಳ ಮಾತು ಅದು.

"ತಪ್ಪಾತು ಗಂಗಾ," ಎಂದಳು ಶಿವಕುಮಾರಿ. ಅದು ಮಕ್ಕಳು ಹಾಜರಿ ಹೇಳಿದಂತೆ ಕೇಳಿಸಿತು.

"ಡಾಕ್ಟರ್ ಬಾಯಿ ಅದರಿಂದ ಅಲ್ಲ ಅಂದಾಳ್ರಿ." ಗಂಗಾ ಖಣದ ಅಂಚಿನ ಚೀಟಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಮತ್ತೆ ಅಂದಳು, "ಅದರಿಂದ ಅಲ್ಲ."

ಅಮರಮ್ಮ ಚಹಾ ತಂದಳು. ಬಿಸಿ ಲೋಟವನ್ನು ಎರಡೂ ಕೈಯಿಂದ ಹಿಡಿದು ಕುಡಿಯುವಾಗ ಬೆರಳುಗಳಿಗೆ ಜೀವ ಬಂದು ಚುಚ್ಚತೊಡಗಿದವು. ಹೆಡ್‌ಮಾಸ್ತರರ ಮಾತು, ಮಕ್ಕಳ ಮಾತು ಬಂತು, ಹೋಯಿತು. ಏಳುವಾಗ ಗಾಡಿಯ ಚಾವಿಯನ್ನು ಕಟ್ಟೆಯ ಮೇಲಿಟ್ಟಳು.

"ಇದ್ಯಾಕ್ರಿ?" ಗಂಗಾ ಚಾವಿ ಎತ್ತಿ ಅವಳ ಅಂಗೈಯಲ್ಲಿಟ್ಟಳು. "ಇಲ್ಲೆ ಯಾರು ಹೊಡೀಬೇಕು? ತುಕ್ಕು ಹಿಡಿತೈತಿ. ಬಸ್ಸು ಸಿಗದ ನೀವು ಸಾಲಿಗೆ ಹೆಂಗ ಹೋಗ್ತೀರಿ ಮತ್ತ? ನಾ ಬರೂತನಾ ಹೊಡೀರಿ."

"ಬ್ಯಾಡ ಗಂಗಾ. ಅದೊಂದು ಬ್ಯಾಡ."

"ತಗೊಂಡ್ ಹೋಗ್ರಿ ಟೀಚರ್." ಅವಳ ದನಿ ದಣಿದಿತ್ತು. ಇನ್ನು ವಾದ ಮಾಡುವುದು ಅವಳನ್ನು ಇನ್ನೂ ದಣಿಸುವುದೇ ಆಗುತ್ತಿತ್ತು. "ತಲಿ ಬಗ್ಗಸ್ರಿ. ಗಾಳಿ ಇನ್ನೂ ಐತಿ."

ಖಣವನ್ನು ಮೂಲೆಗೆ ಮೂಲೆ ಹಿಡಿದು ಮಡಿಸಿ, ಕಿವಿ ಎರಡೂ ಮುಚ್ಚುವಂತೆ ಎಳೆದು, ಗದ್ದದ ಕೆಳಗೆ ಗಂಗಾ ತಾನೇ ಗಂಟು ಹಾಕಿದಳು. ಒಂದೇ ಗಂಟು, ಅಚ್ಚುಕಟ್ಟಾದದ್ದು. "ಬಿಗಿ ಆತೇನ್ರಿ?"

ಇಲ್ಲವೆಂದು ಶಿವಕುಮಾರಿ ತಲೆಯಾಡಿಸಿದಳು.

ಊರ ಹೊರಗಿನ ಬಯಲು ಶುರುವಾಗುವಲ್ಲಿ ಗಾಡಿ ನಿಲ್ಲಿಸಿದಳು. ಇದನ್ನು ತಲೆಯ ಮೇಲಿಟ್ಟುಕೊಂಡು ಹೋಗುವುದು ಸಾಧ್ಯವಿಲ್ಲ, ಇಲ್ಲಿಯೇ ಬಿಚ್ಚಬೇಕು ಎಂದುಕೊಂಡಳು. ಕೈ ಗದ್ದದ ಕೆಳಗೆ ಹೋಯಿತು. ಈ ಸಲ ಬೆರಳುಗಳು ಚೆನ್ನಾಗಿಯೇ ಇದ್ದವು. ಗಂಟಿನ ತುದಿ ಹಿಡಿದು ಒಂದು ಸಲ ಎಳೆದರೆ ಬಿಚ್ಚಿಬರುವಂತಿತ್ತು. ತೊಗರಿಯ ಕೂಳೆಗಳ ಮೇಲಿಂದ ಗಾಳಿ ಬಂತು. ಕತ್ತಿಗೆ ತಾಗಿತು, ಕೆನ್ನೆಗೆ ತಾಗಿತು, ಕಿವಿಗೆ ತಾಗಲಿಲ್ಲ. ಮಸ್ಕಿ ಇನ್ನೂ ದೂರವಿತ್ತು, ಅದರಾಚೆ ಕಾಲುವೆ. ಅವಳು ಗಂಟಿನ ತುದಿಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು, ಬಿಟ್ಟು, ಗಾಡಿ ಚಾಲೂ ಮಾಡಿದಳು. ದಾರಿಯುದ್ದಕ್ಕೂ ಕಿವಿ ಬೆಚ್ಚಗಿದ್ದವು.